ಫಿಕ್ಸ್ ಬಂದರೂ ಸಾಲು ಸರಿಯುವುದಕ್ಕೆ ಕಾರಣ ಬೇಸ್, ಆಂಟೆನಾ ಅಲ್ಲ

ತಮ್ಮಾ, ಹೊಸ ಆಂಟೆನಾಕ್ಕೆ ದುಡ್ಡು ಸುರಿಯಬೇಡ, ತಡೆ. ಉಪಗ್ರಹದ ನೆರವಿನಿಂದ ಟ್ರ್ಯಾಕ್ಟರನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಗೆರೆಯ ಮೇಲೆ ನಡೆಸುವ ಆರ್‌ಟಿಕೆಯಲ್ಲಿ, ಪರದೆಯ ಮೇಲೆ ಫಿಕ್ಸ್ (ಲೆಕ್ಕ ಪಕ್ಕಾ ಆಯಿತು ಎಂಬ ಸೂಚನೆ) ಇದ್ದರೂ ಮೊನ್ನೆ ಬಿತ್ತಿದ ತೊಗರಿಗೂ ನಿನ್ನೆ ಬಿತ್ತಿದ್ದಕ್ಕೂ ನಡುವೆ ಒಂದೂವರೆ ಅಡಿ ಒತ್ತಿಕೊಂಡಿದೆ ಎಂದು ಬರೆದಿದ್ದೀಯ. ನಿನ್ನ ಫೋಟೋದಲ್ಲಿ ಬೇಸ್, ಅಂದರೆ ಒಂದೆಡೆ ನಿಂತು ಟ್ರ್ಯಾಕ್ಟರಿಗೆ ತಿದ್ದುಪಡಿ ಕಳಿಸುವ ರಿಸೀವರ್, ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡಿನಲ್ಲಿದೆ. ಸಂಜೆ ಮನೆಗೆ ಒಯ್ದು, ಬೆಳಿಗ್ಗೆ ಮತ್ತೆ ನಿಲ್ಲಿಸಿ, ಬೇಸ್ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಲು ಐದು ನಿಮಿಷ ಸರ್ವೆ-ಇನ್ ಕೊಟ್ಟು ಟ್ರ್ಯಾಕ್ಟರ್ ಹತ್ತುತ್ತೀಯ, ಅಲ್ಲವೇ? ತಪ್ಪು ಇರುವುದು ಅಲ್ಲೇ. ಅದೇ ಗೂಟದ ಮೇಲೆ ನಿಲ್ಲಿಸಿದರೂ ಉಪಯೋಗವಿಲ್ಲ. ಐದು ನಿಮಿಷದಲ್ಲಿ ಬೇಸ್ ತನ್ನ ಜಾಗವನ್ನು ಅಂದಾಜು ಮಾಡುತ್ತದೆ ಅಷ್ಟೇ, ಆ ಅಂದಾಜು ದಿನಕ್ಕೊಂದು. ಫಿಕ್ಸ್ ಎಂದರೆ ಬೇಸಿನಿಂದ ಟ್ರ್ಯಾಕ್ಟರಿಗಿರುವ ಅಂತರ ಎರಡು-ಮೂರು ಸೆಂಟಿಮೀಟರಿನೊಳಗೆ ಸರಿ ಎಂದು ಮಾತ್ರ.

ನಾನೂ ಮೊದಲ ವರ್ಷ ಹೀಗೇ ಮಾಡಿದೆ. ಬಿತ್ತುವಾಗ ಗೊತ್ತಾಗಲಿಲ್ಲ. ಇಪ್ಪತ್ತೈದು ದಿನಕ್ಕೆ ಎಡೆ ಹೊಡೆಯಲು ಬಿತ್ತುವಾಗ ಎರಡು ಬಿಂದು ಗುರುತಿಸಿ ಉಳಿಸಿಟ್ಟ ಅದೇ ಎ-ಬಿ ಗೆರೆ ತೆಗೆದು, ಕಣ್ಣು ಪರದೆಯ ಮೇಲೆಯೇ ಇಟ್ಟು ಹೋದೆ. ಹಿಂದೆ ಕಸ ಆರಿಸುತ್ತಿದ್ದ ಅವ್ವ ಕೂಗಿದಾಗ ಇಳಿದು ನೋಡಿದರೆ ಕುಂಟೆಯ ತಾಳು ಸಾಲಿನ ಮೇಲೆಯೇ ಹೋಗಿತ್ತು. ಸಸಿಗಳು ಮಗ್ಗುಲಾಗಿ ಬಿದ್ದಿದ್ದವು, ಎಲೆ ಇನ್ನೂ ಬಾಡಿರಲಿಲ್ಲ, ಬೇರಿಗೆ ಹಸಿ ಎರೆಮಣ್ಣು ಹತ್ತಿತ್ತು. ಅರ್ಧ ಎಕರೆ ಹೋಯಿತು. ಇವತ್ತಿಗೂ ಎಡೆ ಹೊಡೆಯುವಾಗ ಮೊದಲ ಹತ್ತು ಮಾರು ಹೋಗಿ ಇಳಿದು ನೋಡದೆ ನಾನು ಮುಂದೆ ಹೋಗುವುದಿಲ್ಲ.

ಬೇಸನ್ನು ಒಂದೇ ಕಡೆ ಕೂರಿಸು. ಹೊಲದಲ್ಲಿ ಕಾಂಕ್ರೀಟ್ ಕಂಬ ನೆಡುತ್ತೇನೆ ಎನ್ನಬೇಡ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಕಂಬ ವಾಲುತ್ತದೆ. ನಾನು ಮನೆಯ ಆರ್‌ಸಿಸಿ ಮಾಳಿಗೆಯ ಮೇಲೆ ಕಬ್ಬಿಣದ ಪೈಪು ಹಾಕಿ, ನೀರಿನ ಟ್ಯಾಂಕಿಗಿಂತ ಎತ್ತರದಲ್ಲಿ ಆಂಟೆನಾ ಬಿಗಿದಿದ್ದೇನೆ. ಇಪ್ಪತ್ನಾಲ್ಕು ಗಂಟೆಯ ಕಚ್ಚಾ ದತ್ತಾಂಶವನ್ನು ಕೆನಡಾ ಸರ್ಕಾರದ ಉಚಿತ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ (ದತ್ತಾಂಶದಿಂದ ಆಂಟೆನಾದ ನಿಖರ ಜಾಗ ಲೆಕ್ಕ ಹಾಕಿ ಕೊಡುತ್ತದೆ) ಕಳಿಸಿದೆ. ಬಂದ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಬೇಸಿನ ಫಿಕ್ಸ್ಡ್ ಮೋಡಿನಲ್ಲಿ (ತಾನೇ ಅಂದಾಜು ಮಾಡದೆ ಕೊಟ್ಟ ಅಂಕಿಯನ್ನೇ ಹಿಡಿಯುವ ವಿಧಾನ) ತುಂಬಿಸಿ ಮತ್ತೆ ಮುಟ್ಟಿಲ್ಲ. ಅಂಕಿ ತುಸು ತಪ್ಪಿದ್ದರೂ ನಡೆಯುತ್ತದೆ, ದಿನಾ ಅದೇ ಇರಬೇಕು. ಮುಂದೆ ಸರ್ವೆ ಆಫ್ ಇಂಡಿಯಾದ ಕಾರ್ಸ್ ಎಂಬ ಕಾಯಂ ಬೇಸ್‌ಗಳ ಜಾಲಕ್ಕೆ ಹೋದರೆ ಹಳೆಯ ಗೆರೆಗಳೆಲ್ಲ ಸರಿಯಬಹುದು, ನೆನಪಿರಲಿ.

ಈಗ ಬಿತ್ತಿದ್ದಕ್ಕೆ ಒಂದೇ ದಾರಿ: ಬೇಸ್ ಸ್ಥಿರ ಮಾಡಿದ ಮೇಲೆ ಎರಡು ದಿನದ ಬಿತ್ತನೆಯನ್ನು ಎರಡು ಹೊಲವೆಂದು ತಿಳಿದು, ಮೊಳಕೆ ಕಂಡ ಕೂಡಲೇ ಸಾಲಿನ ಮೇಲೆ ನಿಂತು ಗೆರೆಯನ್ನು ಬೇರೆ ಬೇರೆ ಸರಿಸು. ಸಾಲಿನ ಎರಡೂ ತುದಿಯಲ್ಲಿ ನೋಡು. ಹೋಗುವಾಗ ಅಗಲ, ಬರುವಾಗ ಇಕ್ಕಟ್ಟು ಎಂದು ಸಾಲುಬಿಟ್ಟು ಸಾಲು ಬದಲಾಗುತ್ತಿದ್ದರೆ ಅದು ಬೇಸಿನ ತಪ್ಪಲ್ಲ. ಆಂಟೆನಾ ನಟ್ಟನಡುವೆ ಇಲ್ಲ, ಇಲ್ಲವೇ ರೋಲ್ (ಟ್ರ್ಯಾಕ್ಟರ್ ಪಕ್ಕಕ್ಕೆ ವಾಲುವುದರ ಅಳತೆ) ಸೊನ್ನೆ ಮಾಡಿಲ್ಲ. 2.8 ಮೀಟರ್ ಎತ್ತರದ ಆಂಟೆನಾ ಎರಡೇ ಡಿಗ್ರಿ ವಾಲಿದರೂ ನೆಲದಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ. ಕೂರಿಗೆ ಒಂದು ಮಗ್ಗುಲಿಗೆ ಎಳೆಯುತ್ತಿದ್ದರೆ ಕೆಳಗಿನ ಲಿಂಕಿನ ಸರಪಳಿ ಬಿಗಿ ಮಾಡು. ಉಪಗ್ರಹ ಅದನ್ನು ತಿದ್ದುವುದಿಲ್ಲ.

ನಿನ್ನಲ್ಲಿರುವ ಯು-ಬ್ಲಾಕ್ಸ್ ಎಫ್9ಪಿ ರಿಸೀವರ್ ನಮ್ಮ ಕೆಲಸಕ್ಕೆ ಧಾರಾಳ ಸಾಕು. ತಂತ್ರಾಂಶಕ್ಕೂ ಹಣ ಕೊಡಬೇಡ, ಆಗ್‌ಓಪನ್‌ಜಿಪಿಎಸ್ ಉಚಿತ. ಕೆನಡಾದ ರೈತ ಬ್ರಯಾನ್ ಟಿಶ್ಲರ್ ಶುರು ಮಾಡಿದ್ದು, ಹೊಲದ ಕಷ್ಟ ಗೊತ್ತಿದ್ದವರ ಕೈಕೆಲಸ ಎಂದು ಬಳಸಿದರೆ ತಿಳಿಯುತ್ತದೆ.

ಹಿಂಗಾರಿ ಜೋಳವನ್ನು ರಾತ್ರಿ ಬಿತ್ತುವವರಿಗೆ ಇನ್ನೊಂದು ಮಾತು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲವು ದಿನ ಫಿಕ್ಸ್ ಹೋಗಿ ಫ್ಲೋಟ್ (ಪಕ್ಕಾ ಆಗದ ಲೆಕ್ಕ) ಬರುತ್ತದೆ. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಉಪಗ್ರಹದ ಸಂಕೇತ ಹಾದುಬರುವ ಮೇಲಿನ ಪದರ, ಅಯಾನುಗೋಳ, ಆಗ ಕದಡುತ್ತದೆ. ಸೆಟ್ಟಿಂಗ್ ತಿರುವುತ್ತ ಕೂರಬೇಡ, ಫ್ಲೋಟಿನಲ್ಲಿ ಬಿತ್ತಲೂ ಬೇಡ. ನಿಲ್ಲಿಸಿ ಊಟ ಮಾಡಿ ಬಾ.

ಗೆರೆ ದಿನಕ್ಕೆಷ್ಟು ಸರಿಯುತ್ತಿದೆ ಎಂದು ತಿಳಿಯಲು ಬಾಂದುಗಲ್ಲಿನ ಪಕ್ಕ ದಿನಾ ಬೆಳಿಗ್ಗೆ ಒಂದೇ ದಿಕ್ಕಿಗೆ ಮುಖ ಮಾಡಿ, ಹಿಂದಿನ ಗಾಲಿ ಗುರುತಿಗೆ ತಾಗುವಂತೆ ಟ್ರ್ಯಾಕ್ಟರ್ ನಿಲ್ಲಿಸಿ, ಗೆರೆಯಿಂದ ಎಷ್ಟು ದೂರ ಎಂದು ಬರೆದಿಡು. ಮೂರು ದಿನದ ಅಂಕಿ ಇಲ್ಲಿ ಹಾಕು, ನೋಡೋಣ.