ಕೊಪ್ಪಳದಲ್ಲಿ ಫೋಟೊಗ್ರಫಿಗೆ ಮೊದಲ ಆರ್ಡರ್ ಎಲ್ಲಿ ಸಿಗುತ್ತದೆ? ಅಡುಗೆಯವರ ಹತ್ತಿರ

ಡಿಗ್ರಿ ಮುಗಿದಿದೆ, ಕೊಪ್ಪಳದಲ್ಲೇ ಇದ್ದೀರಿ, ಕಿಟ್ ಲೆನ್ಸಿನ (ಕೊಂಡಾಗ ಜೊತೆಗೇ ಬರುವ ಲೆನ್ಸು) ಕ್ಯಾಮೆರಾ ಒಂದಿದೆ. ಕಾರ್ಯಕ್ರಮಗಳ ಫೋಟೊ, ಊಟ-ತಿಂಡಿಯ ಫೋಟೊ, ಇವೆರಡನ್ನೇ ಕಸುಬು ಮಾಡಿಕೊಳ್ಳುವ ಆಸೆ. ಮೊದಲ ಅವಕಾಶ ಕೊಡುವವರು ಯಾರು, ಇದಕ್ಕೆ ಬೆಂಗಳೂರಿಗೇ ಹೋಗಬೇಕಾ ಅಂತ ಕೇಳಿದ್ದೀರಿ. ನಾನು ಇದೇ ಜಿಲ್ಲೆಯಲ್ಲಿ ಇದೇ ಕೆಲಸ ಮಾಡುವ ಹೆಣ್ಣುಮಗಳು. ಕೊಪ್ಪಳ, ಗಂಗಾವತಿ, ಪಕ್ಕದ ಜಿಲ್ಲೆಯ ಹೊಸಪೇಟೆ ಅಂತ ಓಡಾಡುತ್ತೇನೆ. ಬೆಂಗಳೂರು ಈಗಲೇ ಬೇಡ. ಮೊದಲು ನಿಮ್ಮೂರಿನ ಅಡುಗೆಯವರ ಪರಿಚಯ ಮಾಡಿಕೊಳ್ಳಿ.

ಯಾಕೆ ಅಂದರೆ, ನಮ್ಮ ಕಡೆ ಮದುವೆ ಇರಲಿ, ಕುಬಸ (ಸೀಮಂತ), ತೊಟ್ಟಿಲು, ಜವಳ, ಗೃಹಪ್ರವೇಶ ಏನೇ ಇರಲಿ, ದಿನ ಗೊತ್ತಾದ ಕೂಡಲೇ ಹಿರಿಯರು ಮೊದಲು ಕಲ್ಯಾಣ ಮಂಟಪ ಕೇಳುತ್ತಾರೆ, ಅಲ್ಲಿಂದ ಸೀದಾ ಅಡುಗೆಯವರ ಮನೆಗೆ ಹೋಗುತ್ತಾರೆ. ಶಾಮಿಯಾನ, ಬ್ಯಾಂಡು ಎಲ್ಲ ಆಮೇಲೆ. ಕ್ಯಾಮೆರಾದ ನೆನಪಾಗುವುದು ಕೊನೆಗೆ. ಹಾಗಾಗಿ ಯಾವ ಓಣಿಯಲ್ಲಿ ಯಾವತ್ತು ಕಾರ್ಯ ಇದೆ, ಎಷ್ಟು ಮಂದಿಗೆ ಊಟ, ಮನೆಯವರ ಕೈ ದೊಡ್ಡದೋ ಬಿಗಿಯೋ, ಇಷ್ಟೂ ಅಡುಗೆಯವರ ಡೈರಿಯಲ್ಲಿ ತಿಂಗಳುಗಳ ಮೊದಲೇ ಇರುತ್ತದೆ. 'ಫೋಟೊದವರು ಯಾರಾದರೂ ಗೊತ್ತದಾರೇನು' ಅಂತ ಮನೆಯವರು ಕೇಳುವುದೂ ಅವರನ್ನೇ.

ಇಷ್ಟಿದ್ದರೂ ಅವರ ಫೋಟೊ ಯಾರೂ ತೆಗೆಯುವುದಿಲ್ಲ. ಯಾವ ಮದುವೆಯ ಆಲ್ಬಂ ಬೇಕಾದರೂ ತೆರೆದು ನೋಡಿ, ಸಾವಿರ ಮಂದಿಗೆ ಹುಗ್ಗಿ ತಿರುವಿದವರ ಮುಖ ಒಂದು ಪುಟದಲ್ಲೂ ಇರುವುದಿಲ್ಲ. ನಾನು ಶುರುವಿನಲ್ಲಿ ಸ್ಟುಡಿಯೋ ಪರವಾಗಿ ಹೋದಾಗ, ಸ್ಟೇಜಿನ ಕೆಲಸಕ್ಕೆ ಬಿಡುವು ಸಿಕ್ಕಾಗೆಲ್ಲ ಮಂಟಪದ ಹಿಂದಕ್ಕೆ ಹೋಗುತ್ತಿದ್ದೆ. ರೊಟ್ಟಿ ಬಡಿಯುವ ಅವ್ವಂದಿರ ಕೈ, ಕೊಪ್ಪರಿಗೆಯ ಹೊಗೆ, ಎಣ್ಣೆಯಲ್ಲಿ ಏಳುವ ಮಿರ್ಚಿ, ಹೆಗಲ ಮೇಲಿನ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುವ ಭಟ್ಟರು. ಸ್ಟುಡಿಯೋದವರನ್ನು ಕೇಳಿ, ಅದೇ ರಾತ್ರಿ ಅವರವರ ಮೊಬೈಲಿಗೆ ಕಳಿಸುತ್ತಿದ್ದೆ. ಒಬ್ಬ ಹಿರಿಯರು ಫೋನ್ ಮಾಡಿ, 'ಇಷ್ಟು ವರ್ಷ ಒಲಿ ಮುಂದ ನಿಂತೀನಿ ತಂಗಿ, ನಂದೊಂದು ಫೋಟೊ ಇದ್ದಿದ್ದಿಲ್ಲ' ಅಂದರು. ಅವರು ಆ ಫೋಟೊ ಸ್ಟೇಟಸ್‌ಗೆ ಹಾಕಿಕೊಂಡರು. ನನ್ನ ಸ್ವಂತ ಹೆಸರಿಗೆ ಬಂದ ಮೊದಲ ಕಾರ್ಯ, ಒಂದು ಕುಬಸ, ಬಂದದ್ದು ಅವರ ಮಾತಿನ ಮೇಲೆ. ಇದನ್ನು ಉಪಾಯ ಅಂತ ಮಾತ್ರ ನೋಡಬೇಡಿ. ಅವರ ದುಡಿಮೆಗೆ ಒಂದು ನೆನಪು ಉಳಿಯಬೇಕು ಅನ್ನುವುದು ಮನಸ್ಸಿನಲ್ಲಿದ್ದರೆ ಫೋಟೊ ಬೇರೆಯೇ ಬರುತ್ತದೆ, ಅದು ಅವರಿಗೂ ಗೊತ್ತಾಗುತ್ತದೆ.

ಮಂಟಪದೊಳಗೆ ಕಾಲಿಡಲು ಒಂದು ನೆಪ ಬೇಕಲ್ಲ, ಅದಕ್ಕೆ ಸ್ಟುಡಿಯೋ. ಯುಗಾದಿ ಆದ ಮೇಲಿಂದ ಆಷಾಢ ಹಿಡಿಯುವ ತನಕ, ಮತ್ತೆ ಕಾರ್ತಿಕದಲ್ಲಿ ತುಳಸಿ ಲಗ್ನ ಮುಗಿದ ಮೇಲೆ ಧನುರ್ಮಾಸ ಬರುವ ತನಕ ಒಂದೊಂದು ಮುಹೂರ್ತಕ್ಕೆ ಊರಲ್ಲಿ ಹತ್ತಾರು ಮದುವೆ. ಒಂದೇ ದಿನ ಎರಡು ಮೂರು ಕಡೆ ಒಪ್ಪಿಕೊಂಡ ಸ್ಟುಡಿಯೋದವರಿಗೆ ಕೈ ಸಾಲುವುದಿಲ್ಲ. ಸೀಸನ್ನಿಗೆ ಒಂದು ತಿಂಗಳು ಮೊದಲು ಹೋಗಿ ಮಾತಾಡಿ. ಹಿಂದಿನ ದಿನ ಹೋದರೆ ಅವರಿಗೆ ನಿಮ್ಮನ್ನು ನೋಡಲೂ ಪುರುಸೊತ್ತು ಇರುವುದಿಲ್ಲ. ಲೈಟ್ ಹಿಡಿಯುವುದು, ಬ್ಯಾಟರಿ ಚಾರ್ಜಿಗೆ ಹಾಕುವುದು, ಮೆಮೊರಿ ಕಾರ್ಡ್ ಕಾಯುವುದು, ಗ್ರೂಪ್ ಫೋಟೊಗೆ ಬೀಗರನ್ನು ಸ್ಟೇಜಿಗೆ ಕರೆತರುವುದು ನಿಮ್ಮ ಪಾಲಿಗೆ ಬರುತ್ತದೆ. ಎಲ್ಲವನ್ನೂ ಮಾಡಿ. ಒಂದೇ ಒಂದು ಬೇಡಿಕೆ ಇಡಿ: 'ಊಟದ ಪಂಕ್ತಿ ನಾನು ತೆಗೀತೀನಿ.' ಆ ಹೊತ್ತಿಗೆ ಮುಖ್ಯ ಫೋಟೊಗ್ರಾಫರ್ ತಾನೂ ಊಟಕ್ಕೆ ಕೂರಬೇಕಿರುತ್ತದೆ, ಸಂತೋಷದಿಂದ ಒಪ್ಪುತ್ತಾರೆ.

ಹಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುವ ಸ್ಟುಡಿಯೋಗೆ ಪುಕ್ಕಟೆ ಕೆಲಸ ಮಾಡಬೇಡಿ, 'ಕಲಿಯಾಕ ಬಂದೀರಲ್ಲ' ಅಂದರೂ ಸರಿ. ಕಡಿಮೆ ಆದರೂ ಆ ದಿನದ್ದು ಆ ದಿನವೇ ಕೇಳಿ. ಪುಕ್ಕಟೆ ಮಾಡುವ ಮನಸ್ಸಿದ್ದರೆ ಕೊಡಲು ಶಕ್ತಿ ಇಲ್ಲದವರಿಗೆ ಮಾಡಿ. ಸಾಮೂಹಿಕ ವಿವಾಹಗಳಲ್ಲಿ ಮದುವೆಯಾಗುವ ಎಷ್ಟೋ ಜೋಡಿಗಳಿಗೆ ತಮ್ಮದೇ ಅಂತ ಒಂದು ಒಳ್ಳೆಯ ಫೋಟೊ ಇರುವುದಿಲ್ಲ. ಅಲ್ಲಿ ಒಂದು ಬೆಳಿಗ್ಗೆ ನಿಂತು ಒಂದೊಂದು ಜೋಡಿಗೆ ಒಂದೊಂದು ಮ್ಯಾಕ್ಸಿ ಸೈಜಿನ ಪ್ರಿಂಟ್ ಕೊಟ್ಟು ನೋಡಿ.

ಇಲ್ಲೇ ಕಾನೂನಿನ ಒಂದು ವಿಷಯ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರೋ ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಕ್ಲಿಕ್ ಮಾಡಿದ್ದು ನಾನೇ ಅಂತ ಮದುಮಗಳ ಫೋಟೊವನ್ನು ಇನ್‌ಸ್ಟಾಗ್ರಾಮಿಗೆ ಏರಿಸುವ ಹಾಗಿಲ್ಲ. ಸ್ಟುಡಿಯೋದವರನ್ನೂ ಮನೆಯವರನ್ನೂ ಮೊದಲೇ ಕೇಳಿ, ಒಪ್ಪಿಗೆಯನ್ನು ವಾಟ್ಸಾಪ್ ಮೆಸೇಜಿನಲ್ಲಿ ತೆಗೆದುಕೊಳ್ಳಿ.

ಇನ್ನು ಊಟದ ಫೋಟೊ. ಇದರಲ್ಲಿ ನಮ್ಮ ಭಾಗದಲ್ಲಿ ಕೆಲಸ ರಾಶಿ ಬಿದ್ದಿದೆ, ಮಾಡುವವರು ಕಡಿಮೆ. ಸ್ವಿಗ್ಗಿ, ಜೊಮಾಟೊ ತೆರೆದು ನಮ್ಮ ಊರುಗಳ ಖಾನಾವಳಿಗಳನ್ನು ನೋಡಿ. ಎಷ್ಟೋ ಕಡೆ ಫೋಟೊವೇ ಇಲ್ಲ, ಇದ್ದಲ್ಲಿ ಇಂಟರ್ನೆಟ್ಟಿನಿಂದ ಎತ್ತಿದ್ದು. ಇಲ್ಲಿ ಬಡಿಯುವ ತೆಳು ರೊಟ್ಟಿಗೂ ಆ ಫೋಟೊದ ರೊಟ್ಟಿಗೂ ಸಂಬಂಧವಿಲ್ಲ. ಗೋಡೆಯ ಫ್ಲೆಕ್ಸಿನಲ್ಲೂ ಅದೇ ಕಥೆ. ನೀವು ದಿನಾ ಊಟ ಮಾಡುವ ಖಾನಾವಳಿಯಿಂದಲೇ ಶುರು ಮಾಡಿ. ಬೆಳಿಗ್ಗೆ 11ರ ಸುಮಾರಿಗೆ ಹೋಗಿ. ಅಡುಗೆ ಆಗಿರುತ್ತದೆ, ಗಿರಾಕಿ ಬಂದಿರುವುದಿಲ್ಲ. 'ಅಕ್ಕಾರ, ಬಾಗಿಲ ಹತ್ರ ಒಂದು ಟೇಬಲ್ ಕೊಡ್ರಿ, ಐದು ಪದಾರ್ಥ ತೆಗೀತೀನಿ, ಅರ್ಧ ತಾಸು ಸಾಕು' ಅಂತ ಹೇಳಿ. ದರವನ್ನು ದಿನದ ಲೆಕ್ಕದಲ್ಲಿ ಹೇಳಿದರೆ ಸಣ್ಣ ಹೋಟೆಲಿನವರು ಹೆದರುತ್ತಾರೆ. ಒಂದು ಪದಾರ್ಥಕ್ಕೆ ಇಷ್ಟು ಅಂತ ಹೇಳಿದರೆ ಲೆಕ್ಕ ಅವರ ಕೈಯಲ್ಲೇ ಇರುತ್ತದೆ.

ತೆಗೆಯುವುದು ಹೇಗೆ ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಮೊದಲ ಆರ್ಡರ್ ಪರಿಚಯದಿಂದ ಬಂದರೂ ಎರಡನೆಯದು ಫೋಟೊ ನೋಡಿಯೇ ಬರುವುದು. ಟ್ಯೂಬ್‌ಲೈಟ್ ಆರಿಸಲು ಹೇಳಿ, ಫ್ಲ್ಯಾಶ್ ಮುಟ್ಟಬೇಡಿ. ಬಾಗಿಲು ಅಥವಾ ಕಿಟಕಿಯ ಬೆಳಕು ಒಂದು ಪಕ್ಕದಿಂದ ಬರಲಿ, ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಜೋಳದ ರೊಟ್ಟಿ ಬಣ್ಣವಿಲ್ಲದ ಪದಾರ್ಥ, ಕ್ಯಾಮೆರಾ ಕಡೆಯಿಂದ ನೇರ ಬೆಳಕು ಬಿದ್ದರೆ ಬರೀ ಬಿಳಿ ವೃತ್ತ ಕಾಣುತ್ತದೆ. ಪಕ್ಕದ ಬೆಳಕಿನಲ್ಲಿ ಅದರ ಉಬ್ಬು, ಸುಟ್ಟ ಚುಕ್ಕಿ, ಕೈ ಬೆರಳಿನ ಗುರುತು ಎದ್ದು ಬರುತ್ತವೆ. ಎಣ್ಣೆಗಾಯಿಗೆ ಬೆಳಕು ತಾಟಿನ ಹಿಂದಿನಿಂದ ಬರಲಿ, ಮೇಲಿನ ಎಣ್ಣೆ ಹೊಳೆಯುತ್ತದೆ. ಮಿರ್ಚಿ ಎಣ್ಣೆಯಿಂದ ಎತ್ತಿದ ಎರಡು ಮೂರು ನಿಮಿಷದಲ್ಲಿ ತೆಗೆದು ಮುಗಿಸಬೇಕು, ತಡವಾದರೆ ಮೇಲಿನ ಹಿಟ್ಟು ಮೆತ್ತಗಾಗಿ ಕುಸಿಯುತ್ತದೆ. ಮೊದಲೇ ಒಂದು ಆರಿದ ಮಿರ್ಚಿ ಇಟ್ಟು ಫೋಕಸ್, ಎಕ್ಸ್‌ಪೋಶರ್ ಎಲ್ಲ ಸರಿಮಾಡಿಕೊಂಡು ಬಿಸಿದನ್ನು ತರಿಸಿ. ಮಂಡಕ್ಕಿ ಒಗ್ಗರಣೆಗೆ ಪುಟಾಣಿ ಹಿಟ್ಟು ಉದುರಿಸುವುದು ಕ್ಯಾಮೆರಾ ಸಿದ್ಧವಾದ ಮೇಲೆ, ಇಲ್ಲದಿದ್ದರೆ ಹಿಟ್ಟು ಹಸಿ ಹೀರಿಕೊಂಡು ಮಾಯವಾಗುತ್ತದೆ.

ನಮ್ಮ ತಾಟು ಬಹಳ ಮಟ್ಟಿಗೆ ಬಿಳಿ ಮತ್ತು ಕಂದು. ಜೀವ ಕೊಡುವುದು ಪಕ್ಕದಲ್ಲಿ ಇಡುವ ವಸ್ತುಗಳು: ಕೆಂಪು ಖಾರ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಅವು ಊಟದಲ್ಲಿ ನಿಜವಾಗಿ ಇರುವಂಥವೇ, ಅಲಂಕಾರಕ್ಕೆ ತಂದಿಟ್ಟವಲ್ಲ. ಪೂರ್ತಿ ತಾಟನ್ನು ಮೇಲಿನಿಂದ ತೆಗೆಯಿರಿ, ರೊಟ್ಟಿಯ ಅಟ್ಟಿಯನ್ನು ಎದುರಿನಿಂದ. ಸ್ಟೀಲಿನ ತಾಟಿನಲ್ಲಿ ನಿಮ್ಮದೇ ಪ್ರತಿಬಿಂಬ ಬೀಳುತ್ತದೆ, ಕಡು ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ. ಹೊಳಪಿಗೆ ಗ್ಲಿಸರಿನ್, ಹೊಗೆಗೆ ಊದಿನಕಡ್ಡಿ ಅಂತ ವಿಡಿಯೋಗಳಲ್ಲಿ ಹೇಳಿಕೊಡುತ್ತಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಫೋಟೊ ನೋಡಿ ಬಂದ ಗಿರಾಕಿಗೆ ತಾಟಿನಲ್ಲಿ ಅದೇ ಸಿಗಬೇಕು, ತೆಗೆದ ಅಡುಗೆಯನ್ನು ಯಾರಾದರೂ ಉಣ್ಣುವಂತಿರಬೇಕು. ಈ ಭಾಗದಲ್ಲಿ ಅನ್ನ ಚೆಲ್ಲುವವರನ್ನು ಯಾರೂ ಎರಡನೇ ಸಲ ಅಡುಗೆಮನೆಗೆ ಬಿಡುವುದಿಲ್ಲ.

ರೊಟ್ಟಿ, ಹಿಂಡಿ, ಶೇಂಗಾ ಹೋಳಿಗೆ ಮಾಡಿ ಮಾರುವ ಮಹಿಳಾ ಸಂಘಗಳನ್ನೂ ಮರೆಯಬೇಡಿ. ಅವರ ಪ್ಯಾಕೆಟ್ಟುಗಳು ಬೆಂಗಳೂರು, ಪುಣೆಗೆಲ್ಲ ಹೋಗುತ್ತವೆ, ವ್ಯಾಪಾರ ನಡೆಯುವುದು ವಾಟ್ಸಾಪಿನಲ್ಲಿ, ಫೋಟೊ ಮಾತ್ರ ಮಬ್ಬು. ಸಾಣಾಪುರ, ಆನೆಗೊಂದಿ ಕಡೆಯ ಹೋಂಸ್ಟೇಗಳೂ ಹಾಗೆಯೇ, ಕೋಣೆಯ ಫೋಟೊ ಇರುತ್ತದೆ, ಊಟದ್ದು ಇರುವುದಿಲ್ಲ. ಮೇ ತಿಂಗಳಲ್ಲಿ ತೋಟಗಾರಿಕೆ ಇಲಾಖೆಯವರು ಕೊಪ್ಪಳದಲ್ಲಿ ಮಾವು ಮೇಳ ನಡೆಸುತ್ತಾರೆ, ನೇರವಾಗಿ ಹಣ್ಣು ಮಾರುವ ರೈತರು ಒಂದೇ ಕಡೆ ಸಿಗುತ್ತಾರೆ. ಹಣ್ಣಿನ ಜೊತೆ ರೈತರ ಒಂದು ಚಂದದ ಫೋಟೊ ತೆಗೆದು ಅಲ್ಲೇ ಕಳಿಸಿ, ಮುಂದಿನ ಹಂಗಾಮಿಗೆ ನಂಬರ್ ಅವರ ಹತ್ತಿರ ಇರುತ್ತದೆ.

ಅಭ್ಯಾಸಕ್ಕೆ ಕೊಪ್ಪಳದ ಗವಿಮಠದ ಜಾತ್ರೆಗಿಂತ ದೊಡ್ಡ ಶಾಲೆ ನನಗೆ ಗೊತ್ತಿಲ್ಲ. ಜನವರಿ ಸುಮಾರಿಗೆ, ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಗವಿಸಿದ್ಧೇಶ್ವರರ ತೇರು. ಅದಕ್ಕೂ ಮೊದಲೇ ಊರೂರುಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ರೊಟ್ಟಿ ಬರಲು ಶುರುವಾಗುತ್ತದೆ. ತೇರಿನ ದಿನ ಎಲ್ಲ ಕ್ಯಾಮೆರಾಗಳೂ ತೇರಿನ ಮೇಲೆ. ನೀವು ದಾಸೋಹದ ಕಡೆ ಹೋಗಿ, ಸೇವೆಗೆ ನಿಂತವರ ಅಪ್ಪಣೆ ಕೇಳಿ ಒಳಗೆ ನಿಲ್ಲಿ. ಬೆಳಗಿನ ಚಳಿಯಲ್ಲಿ ಅನ್ನದ ಹೊಗೆ ದಟ್ಟವಾಗಿ ಏಳುತ್ತದೆ, ಸೂರ್ಯ ಎದುರಿಗಿದ್ದರೆ ಆ ಹೊಗೆಯೇ ಬೆಳಗುತ್ತದೆ. ಒಂದು ಮಾತನ್ನು ಮಾತ್ರ ನಡೆಸಿಕೊಡಿ. ಉಣ್ಣುವವರ ತೆರೆದ ಬಾಯಿಯ ಫೋಟೊ ಎಂದೂ ತೆಗೆಯಬೇಡಿ, ಜಾತ್ರೆಯಲ್ಲೂ ಬೇಡ, ಮದುವೆಯಲ್ಲೂ ಬೇಡ. ಬಡಿಸುವ ಕೈ ತೆಗೆಯಿರಿ, ಎಲೆ ತೆಗೆಯಿರಿ, ಸಾಲಿನಲ್ಲಿ ಕೂತು ನಗುವವರನ್ನು ಕೇಳಿ ತೆಗೆಯಿರಿ. ಹಸಿದು ಕೂತವರ ಮಾನ ಕಾಯುವುದು ನಮ್ಮ ಕಸುಬಿನ ಮೊದಲ ಕರ್ತವ್ಯ ಅಂತ ನಾನು ನಂಬಿದ್ದೇನೆ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಕಿಟ್ ಲೆನ್ಸಿನ ಜೊತೆಗೆ ಮೊದಲು ಕೊಳ್ಳಬೇಕಾದದ್ದು 50 ಎಂಎಂ ಎಫ್ 1.8 ಲೆನ್ಸ್. ತಾಟಿಗೆ, ಮುಖಕ್ಕೆ ಅದು, ಪಂಕ್ತಿಗೆ ಕಿಟ್ ಲೆನ್ಸಿನ ಅಗಲ ನೋಟದ 18 ಎಂಎಂ ತುದಿ. ಮಂಟಪದ ಎಲ್‌ಇಡಿ ಬೆಳಕಿನಲ್ಲಿ ಫೋಟೊದ ಮೇಲೆ ಅಡ್ಡ ಪಟ್ಟಿ ಬಂದರೆ ಶಟರ್ ಅನ್ನು 1/100 ಅಥವಾ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹೆಚ್ಚಿನ ಸಲ ಇದರಿಂದ ಪಟ್ಟಿ ಹೋಗುತ್ತದೆ. ಕೆಂಪು-ಹಳದಿ ಶಾಮಿಯಾನದ ಕೆಳಗೆ ಅನ್ನವೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅಂಚಿಗೆ ಬಂದು ತೆಗೆಯಿರಿ. ಅದೇ ರಾತ್ರಿ ಎರಡು ಕಡೆ ಕಾಪಿ ಮಾಡದೆ ಮಲಗಬೇಡಿ.

ಮದುವೆಗೆ ಯಾರನ್ನು ಕರೆಯಬೇಕು ಅಂತ ತೀರ್ಮಾನಿಸುವವರು ಹುಡುಗ-ಹುಡುಗಿ ಅಷ್ಟೇ ಅಲ್ಲ, ಸೋದರಮಾವ, ದೊಡ್ಡಪ್ಪ, ಅಜ್ಜಿ ಕೂಡ. ಅವರ ಕೈಗೆ ಫೋನ್ ಕೊಟ್ಟರೆ ಒಂದು ನೋಡಿ ವಾಪಸ್ ಕೊಡುತ್ತಾರೆ, ಕಾಗದದ ಪ್ರಿಂಟ್ ಕೊಟ್ಟರೆ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಒಂದು ತೆಳು ಆಲ್ಬಂ ಮಾಡಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಒಪ್ಪಿದ ಮೇಲೆ ದಿನ, ಎಷ್ಟು ತಾಸು, ಎಷ್ಟು ಫೋಟೊ, ಯಾವತ್ತು ಕೊಡುವುದು, ಅಡ್ವಾನ್ಸ್ ಎಷ್ಟು ಅನ್ನುವುದನ್ನು ಮೆಸೇಜಿನಲ್ಲಿ ಬರೆದು ಕಳಿಸಿ, ಸಂಬಂಧಿಕರೇ ಆದರೂ. ಬಿಲ್ ಕೇಳುವ ಹೋಟೆಲಿನವರು ಸಿಕ್ಕರೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿಕೊಳ್ಳಿ, ಅದು ಪುಕ್ಕಟೆ ಆಗುತ್ತದೆ. ಜಿಎಸ್‌ಟಿ ಚಿಂತೆ ವರ್ಷದ ವಹಿವಾಟು 20 ಲಕ್ಷ ದಾಟುವ ಹೊತ್ತಿಗೆ.

ನೀವು ಹೆಣ್ಣುಮಗಳೋ ಗಂಡುಮಗನೋ ಬರೆದಿಲ್ಲ. ಹೆಣ್ಣುಮಗಳಾದರೆ ಕುಬಸ, ಅರಿಶಿನ, ಬಾಣಂತಿ ಮನೆಯ ತೊಟ್ಟಿಲು, ಇವುಗಳಿಗೆ ನಮ್ಮನ್ನೇ ಹುಡುಕುವ ಮನೆಗಳು ಬೇಕಾದಷ್ಟಿವೆ. ಬರೀ ಹೆಂಗಸರು ಕೂತಿರುವ ಪಡಸಾಲೆಯಲ್ಲಿ ಗಂಡಸು ಕ್ಯಾಮೆರಾ ಹಿಡಿದು ನಿಂತರೆ ಎಲ್ಲರೂ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಬಿಡುತ್ತಾರೆ, ನಾವು ನಿಂತರೆ ಹಾಡು ಮುಂದುವರಿಯುತ್ತದೆ. ರಾತ್ರಿ ತಡವಾಗುವ ಕಾರ್ಯಕ್ಕೆ ಹೋಗಿ ಬರುವ ವ್ಯವಸ್ಥೆಯನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ, ಅದನ್ನು ಕೇಳಲು ಸಂಕೋಚ ಬೇಡ.

ಬೆಂಗಳೂರಿನ ದೊಡ್ಡ ಹೋಟೆಲುಗಳ ಕೆಲಸ ಬೇಕು ಅನಿಸಿದರೆ ಒಂದು ವರ್ಷ ಬಿಟ್ಟು ಹೋಗಿ. ಅಷ್ಟರಲ್ಲಿ ಕೈಯಲ್ಲಿ ಬೇರೆಯವರ ಹತ್ತಿರ ಇಲ್ಲದ ಫೋಟೊಗಳಿರುತ್ತವೆ. ಸದ್ಯಕ್ಕೆ ಈ ವಾರ ಒಂದು ಖಾನಾವಳಿಗೆ ಹೋಗಿ ಬನ್ನಿ. ತೆಗೆದದ್ದನ್ನು ಅವರ ಒಪ್ಪಿಗೆ ಕೇಳಿ ಈ ಉತ್ತರದ ಕೆಳಗೆ ಹಾಕಿ, ಕಿಟಕಿ ಯಾವ ಕಡೆ ಇತ್ತು, ಎಷ್ಟು ಹೊತ್ತಿನಲ್ಲಿ ತೆಗೆದಿರಿ ಅಂತ ಜೊತೆಗೆ ಬರೆಯಿರಿ. ನೋಡಿ ಹೇಳುತ್ತೇನೆ.