ಮಲಗುವ ಜಾಗವೇ ವಿಳಾಸ

ಪ್ರಶ್ನೆ: ಮೇಡಂ, ಅವೆನ್ಯೂ ರಸ್ತೆಯಲ್ಲಿ ನಮ್ಮ ಅಂಗಡಿ ಇದೆ. ರಾತ್ರಿ ಷಟರ್ ಎಳೆದ ಮೇಲೆ ಮಾರ್ಕೆಟ್‌ನ ಹಮಾಲಿಯೊಬ್ಬರು ಮುಂದೆ ಮಲಗುತ್ತಾರೆ. ಈಗ ಇದೇ ಜಾಗ ತೋರಿಸಿ ಓಟರ್ ಐಡಿಗೆ ಅರ್ಜಿ ಹಾಕಿದ್ದಾರಂತೆ. ಮನೆಯೇ ಇಲ್ಲದವರಿಗೆ ಹೇಗೆ ಕೊಡುತ್ತಾರೆ? ಕಳ್ಳ ಓಟಿಗೆ ದಾರಿ ಆಗಲ್ವಾ? ನಾಳೆ ಅಂಗಡಿ ಮೇಲೆ ಹಕ್ಕು ಕೇಳಿದರೆ? ಮಹದೇವಪುರದ ಮತದಾರರ ಪಟ್ಟಿಯಲ್ಲಿ ಕೆಲವರ ವಿಳಾಸ ‘ಮನೆ ನಂಬರ್ 0’ ಎಂದಿದ್ದ ಗಲಾಟೆ ನೋಡಿದ ಮೇಲೆ ಭಯವಾಗಿದೆ.
— ಒಬ್ಬ ವ್ಯಾಪಾರಿ, ಬೆಂಗಳೂರು

ಉತ್ತರ: ಅಂಗಡಿಯ ಚಿಂತೆ ಬಿಡಿ. ಮತದಾರರ ಪಟ್ಟಿಗೆ ಹೆಸರು ಸೇರಿದರೆ ಓಟಿನ ಹಕ್ಕು ಬರುತ್ತದೆ, ಜಾಗದ ಹಕ್ಕಲ್ಲ.

1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆ ಕೇಳುವುದು ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸ ಇದ್ದೀರಾ ಅಂತ. ಮನೆ ಇದೆಯಾ ಅಂತಲ್ಲ. ಬರೀ ಮನೆಯ ಮಾಲೀಕರಾಗಿದ್ದರೆ ಸಾಲದು ಎಂದು ಅದರ 20ನೇ ಕಲಮು ನೇರವಾಗಿಯೇ ಹೇಳುತ್ತದೆ. ಮನೆ ಇಲ್ಲದವರು ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ತಾವು ಮಲಗುವ ಜಾಗ ಬರೆಯಬಹುದು. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅಲ್ಲಿಗೆ ರಾತ್ರಿ ಹೋಗಿ ನೋಡಬೇಕು. ಒಂದು ರಾತ್ರಿ ಹೋದರೆ ಸಾಲದು, ಇನ್ನೊಂದು ಸಲವೂ ಹೋಗಬೇಕು. ಅವರು ಅಲ್ಲೇ ಮಲಗುವುದು ಖಾತ್ರಿಯಾದರೆ ವಿಳಾಸದ ದಾಖಲೆ ಬೇಕಿಲ್ಲ.

ಶಾಲೆಯಲ್ಲಿ ಪಾಠ ಮಾಡುತ್ತಲೇ ನಾನೂ ಬಿಎಲ್‌ಒ ಕೆಲಸ ಮಾಡಿದವಳು. ಕೆ.ಆರ್. ಮಾರ್ಕೆಟ್ ಕಡೆ ಹೊತ್ತು ನೋಡಿ ಹೋಗಬೇಕು. ಬೇಗ ಹೋದರೆ ಯಾರೂ ಇನ್ನೂ ಮಲಗಿರುವುದಿಲ್ಲ. ಬೆಳಗಿನ ಜಾವ ಹೂವಿನ ಲೋಡು ಬರುವಷ್ಟರಲ್ಲಿ ಎದ್ದುಬಿಟ್ಟಿರುತ್ತಾರೆ. ಒಬ್ಬರು ಗೋಣಿಚೀಲದ ಕೆಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಆಧಾರ್ ಜೆರಾಕ್ಸ್, ಮಡಿಕೆ ಬಿದ್ದ ಕಡೆ ಹೆಸರೇ ಅಳಿಸಿಹೋಗಿತ್ತು. ‘ಮಳೆ ಬಂದ್ರೆ ಫ್ಲೈಓವರ್ ಕೆಳಗೆ ಹೋಗ್ತೀನಿ ಮೇಡಂ, ಅದನ್ನೂ ಬರ್ಕೊಳ್ಳಿ’ ಎಂದರು. ಸುಳ್ಳು ವಿಳಾಸ ಕೊಡುವವರು ಹೀಗೆ ಹೇಳುತ್ತಾರಾ?

ಮನೆ ಇರುವವರ ವಿಳಾಸಕ್ಕೆ ಕರೆಂಟ್ ಬಿಲ್ ಸಾಕು. ಇವರ ವಿಳಾಸಕ್ಕೆ ಒಬ್ಬ ಅಧಿಕಾರಿ ನಿದ್ದೆಗೆಟ್ಟು ಸಾಕ್ಷಿ ಹೇಳಬೇಕು. ಇದನ್ನು ಸಡಿಲ ನಿಯಮ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಹೆಸರು ತೆಗೆಯುವಾಗ. ಹಗಲು ಹೊತ್ತು ಹೋಗಿ ನೋಡಿ, ‘ಇಲ್ಲಿ ಇಲ್ಲ, ಸ್ಥಳಾಂತರ’ ಎಂದು ಬರೆದುಬಿಡುವುದು ಸುಲಭ. ಅವರು ಪಕ್ಕದ ರಸ್ತೆಯಲ್ಲೇ ಮೂಟೆ ಹೊರುತ್ತಿರುತ್ತಾರೆ. ಹೆಸರು ತೆಗೆಯುವ ಮುಂಚೆ ಅವರ ಮಾತು ಕೇಳಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಷಟರ್‌ಗೆ ಅಂಟಿಸಿದ ನೋಟಿಸು ಬೆಳಿಗ್ಗೆ ನೀವು ಷಟರ್ ಎತ್ತಿದ ಕೂಡಲೇ ಮೇಲೆ ಹೋಯಿತಲ್ಲ!

ಇನ್ನು ನೀವು ಹೇಳಿದ ಮಹದೇವಪುರದ ಸೊನ್ನೆಯ ವಿಚಾರ. 2025ರಲ್ಲಿ ಆ ವಿವಾದ ಎದ್ದಾಗ ಚುನಾವಣಾ ಆಯೋಗ, ಮನೆಗೆ ನಂಬರ್ ಇಲ್ಲದವರಿಗೆ, ರಸ್ತೆ ಬದಿ ಮಲಗುವವರಿಗೆ ಹೀಗೆ ಹಾಕುತ್ತೇವೆ ಎಂದಿತ್ತು. ಸೊನ್ನೆ ಕಂಡ ಮಾತ್ರಕ್ಕೆ ಕಳ್ಳ ಓಟು ಅನ್ನುವುದೂ ಬೇಡ, ಎಲ್ಲ ಸರಿ ಅನ್ನುವುದೂ ಬೇಡ. ಆ ಜಾಗಕ್ಕೆ ಹೋಗಿ ವಿಚಾರಿಸಿದರೆ ಗೊತ್ತಾಗುತ್ತದೆ.

ಹಮಾಲಿ ಅಲ್ಲಿ ಮಲಗುವುದೇ ಇಲ್ಲ ಎಂದು ಖಂಡಿತ ಗೊತ್ತಿದ್ದರೆ, ನೀವು ಅದೇ ಕ್ಷೇತ್ರದ ಮತದಾರರಾಗಿದ್ದರೆ, ನಮೂನೆ 7ರಲ್ಲಿ ಆಕ್ಷೇಪ ಹಾಕಬಹುದು. ಆದರೆ ದಿನಾ ಮಲಗುತ್ತಾರೆ ಎಂದು ನೀವೇ ಬರೆದಿದ್ದೀರಿ. ಬಿಎಲ್‌ಒ ಬಂದು ಕೇಳಿದರೆ ಅದನ್ನೇ ಹೇಳಿ, ದಯವಿಟ್ಟು.

ಪ್ರಶ್ನೆ: ಹೆಬ್ಬಾಳದಲ್ಲಿ ಸ್ವಂತ ಫ್ಲ್ಯಾಟ್ ಇದೆ, ಅಲ್ಲೇ ವಾಸ. ಹಾಸನದ ಊರಲ್ಲೂ ಓಟು ಹಾಗೇ ಇದೆ. ಹಾಕುವುದು ಒಂದೇ ಕಡೆ. ತಪ್ಪೇನು?
— ಓದುಗರು, ಹೆಬ್ಬಾಳ

ಉತ್ತರ: ತಪ್ಪು ಸ್ವಾಮಿ. ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಒಬ್ಬರ ಹೆಸರು ಇರುವಂತಿಲ್ಲ, 1950ರ ಅದೇ ಕಾಯ್ದೆಯ 17ನೇ ಕಲಮು ನೋಡಿ. ಬೇರೆ ಕಡೆ ಹೆಸರಿಲ್ಲ ಎಂದು ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಎರಡೂ ಆಗಬಹುದು. ಮೇಲಿನ ಹಮಾಲಿಗಿಂತ ನಿಮ್ಮಂಥ ಮನೆಯುಳ್ಳವರ ಜೋಡಿ ಹೆಸರೇ ನನಗೆ ದೊಡ್ಡ ಚಿಂತೆ. ಊರಿನ ಹೆಸರು ತೆಗೆಸಲು ನಮೂನೆ 7 ಹಾಕಿ. ಗೊಂದಲವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಿ.