ಉದ್ದ ಕಿವಿಗೆ ಬೆಲೆ ಯಾಕೆ ಕಡಿಮೆ? ಮಾಂಸದ ಮಿಶ್ರತಳಿ ದನಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಟೆಕ್ಸಾಸ್‌ನಲ್ಲಿ ಜಮೀನು ಮಾಡಿಕೊಂಡು ಮಾಂಸದ ದನ ಸಾಕಲು ಹೊರಟಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕರ್ನಾಟಕದಲ್ಲಿ 2020ರ ಕಾಯಿದೆಯಂತೆ ಹಸು, ಎತ್ತು, ಹೋರಿ, ಕರುಗಳ ವಧೆಗೆ ನಿಷೇಧವಿದೆ. ಹಾಗಾಗಿ ಮಾಂಸದ ವ್ಯಾಪಾರದ ಮಾತೆಲ್ಲ ಅಲ್ಲಿಯದು. ಊರಿನ ಇಬ್ಬರು ಓದುಗರ ಪ್ರಶ್ನೆಗಳು ಕೊನೆಯಲ್ಲಿವೆ.

ಪ್ರಶ್ನೆ: ಹ್ಯೂಸ್ಟನ್‌ನಿಂದ ಒಂದೂವರೆ ಗಂಟೆ ದೂರದಲ್ಲಿ 60 ಎಕರೆ ಹುಲ್ಲುಗಾವಲು ಕೊಂಡಿದ್ದೇವೆ. ಹರಾಜಿನಲ್ಲಿ ಹೆಚ್ಚುಕಡಿಮೆ ಒಂದೇ ತೂಕದ ಎರಡು ಗುಂಪು ಕರು ಬಂದವು. ಕಪ್ಪು ಮೈ, ಬಿಳಿ ಮುಖದವು ಚೆನ್ನಾಗಿ ಹೋದವು. ಉದ್ದ ಕಿವಿ, ಸಣ್ಣ ಡುಬ್ಬ ಇದ್ದವಕ್ಕೆ ಬೆಲೆ ಇಳಿಯಿತು. ನಮ್ಮ ಕಣ್ಣಿಗೆ ಎರಡೂ ಗಟ್ಟಿಮುಟ್ಟಾಗೇ ಇದ್ದವು. ಕಿವಿ ನೋಡಿ ಬೆಲೆ ಕಟ್ಟುವುದು ಸರಿಯೇ?

ಉತ್ತರ: ಹರಾಜಿನ ಅಂಕಣದಲ್ಲಿ ಒಂದು ಗುಂಪು ಹೆಚ್ಚೆಂದರೆ ಒಂದು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಚರ್ಮದೊಳಗಿನ ಗುಣ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಕೊಳ್ಳುವವರು ಬಣ್ಣ, ಮುಖ, ಕಿವಿ ನೋಡಿ, ಇಂಥ ಕರುಗಳು ಹಿಂದೆ ಹೇಗೆ ಬೆಳೆದವು, ಮಾಂಸ ಹೇಗೆ ಬಂತು ಎಂಬ ಅನುಭವದ ಮೇಲೆ ಕೂಗುತ್ತಾರೆ. ಹೆಸರು, ಮರ್ಯಾದೆ ಅನ್ನುವುದೆಲ್ಲ ಅಲ್ಲಿ ಇಷ್ಟೇ.

ಕಪ್ಪು ಮೈ, ಬಿಳಿ ಮುಖದ್ದು ಸಾಮಾನ್ಯವಾಗಿ ಆಂಗಸ್ ಮತ್ತು ಹಿಯರ್‌ಫರ್ಡ್ ಎಂಬ ಎರಡು ಮಾಂಸದ ತಳಿ ಸೇರಿದ ಕರು. ಅಲ್ಲಿ ಅದನ್ನು ಬ್ಲ್ಯಾಕ್ ಬಾಲ್ಡಿ ಅನ್ನುತ್ತಾರೆ. ಕಪ್ಪಿಗೆ ಬೇಡಿಕೆ ಬರಲು ದೊಡ್ಡ ಕಾರಣ 1978ರಲ್ಲಿ ಶುರುವಾದ ಸರ್ಟಿಫೈಡ್ ಆಂಗಸ್ ಬೀಫ್ ಗುರುತು. ಆ ಗುರುತು ಬೀಳಬೇಕಾದರೆ ದನದ ಮೈ ಬಹುಪಾಲು ಕಪ್ಪಿರಬೇಕು, ಡುಬ್ಬ 2 ಇಂಚು ಮೀರಬಾರದು, ಮಾಂಸದ ಎಳೆಗಳ ನಡುವೆ ಸಾಕಷ್ಟು ಕೊಬ್ಬು ಹರಡಿರಬೇಕು. ಡುಬ್ಬದ ಕರು ಮೊದಲ ಮೆಟ್ಟಿಲಲ್ಲೇ ಹೊರಗುಳಿಯುತ್ತದೆ.

ಕಿವಿಯ ಮೇಲಿನ ಅನುಮಾನಕ್ಕೆ ಗಟ್ಟಿ ಆಧಾರವೂ ಇದೆ. ಉದ್ದ ಕಿವಿ, ಡುಬ್ಬ ಬರುವುದು ಭಾರತದ ದನಗಳಿಂದ ಅಲ್ಲಿ ಬೆಳೆಸಿದ ಬ್ರಾಹ್ಮನ್ ತಳಿಯಿಂದ. ಆ ರಕ್ತದ ದನದ ಮಾಂಸದಲ್ಲಿ ಕ್ಯಾಲ್ಪಾಸ್ಟಾಟಿನ್ ಎಂಬ ಪ್ರೋಟೀನ್ ಹೆಚ್ಚು. ಮಾಂಸವನ್ನು ತಣ್ಣಗೆ ಇಟ್ಟು ಮಾಗಿಸುವಾಗ ಸ್ನಾಯುವಿನ ಎಳೆಗಳನ್ನು ಸಡಿಲಿಸುವ ಕಿಣ್ವವನ್ನು ಅದು ತಡೆಯುತ್ತದೆ. ಹಾಗಾಗಿ ಮಾಂಸ ಬಿರುಸಾಗುವ ಸಂಭವ ಹೆಚ್ಚು, ಎಳೆಗಳ ನಡುವಿನ ಕೊಬ್ಬೂ ಕಡಿಮೆ. ಬ್ರಾಹ್ಮನ್ ಪಾಲು ಏರಿದಷ್ಟೂ ಇದು ಏರುತ್ತದೆ. ಕಾಲು ಭಾಗವಿರುವ ಕರುವಿಗೂ ಮುಕ್ಕಾಲು ಭಾಗವಿರುವ ಕರುವಿಗೂ ಅಜಗಜಾಂತರ. ಹರಾಜಿನಲ್ಲಿ ಮಾತ್ರ ಎರಡಕ್ಕೂ ‘ಕಿವಿ ಇದೆ’ ಎಂಬ ಒಂದೇ ಹಣೆಪಟ್ಟಿ. ಆ ಭಾಗ ಅನ್ಯಾಯವೇ.

ಕಪ್ಪು ಬಣ್ಣವನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಪ್ಪು ಪ್ರಬಲ ಗುಣ. ಎರಡು ಕಪ್ಪು ಜೀನ್ ಇರುವ ಹೋರಿಯನ್ನು ಕೆಂಪು ಹಸುವಿಗೆ ಬಿಟ್ಟರೂ ಕರು ಕಪ್ಪಾಗೇ ಹುಟ್ಟುತ್ತದೆ. ಸಿಮೆಂಟಾಲ್, ಲಿಮೋಸಿನ್ ತಳಿಗಳಲ್ಲೂ ಈಗ ಕಪ್ಪು ಸಾಲುಗಳಿವೆ. ಹಾಲಿನ ಹೋಲ್‌ಸ್ಟೀನ್ ಹಸುವಿಗೆ ಆಂಗಸ್ ಬೀಜ ಕೊಡಿಸಿದ ಕರುವೂ ಕಪ್ಪೇ. ಅಂಥದ್ದನ್ನು ತೊಡೆ ನೋಡಿ ಗುರುತಿಸಬಹುದು. ತೊಡೆ ಚಪ್ಪಟೆ, ಕಾಲು ಉದ್ದ, ಸೊಂಟದ ಮೂಳೆ ಎದ್ದು ಕಾಣುತ್ತದೆ.

ಇನ್ನು ನಿಮ್ಮ ಲೆಕ್ಕ. 100 ಪೌಂಡಿಗೆ 10 ಡಾಲರ್ ಕಡಿಮೆಯಾದರೆ 500 ಪೌಂಡಿನ ಕರುವಿಗೆ 50 ಡಾಲರ್ ಖೋತಾ. ನೀವು ಕರು ಕೊಂಡು ಮೇಯಿಸಿ ಮಾರುವವರಾದರೆ ಹರಾಜಿನ ರುಚಿಗೆ ತಕ್ಕಂತೆ ನಡೆಯಲೇಬೇಕು. ತಾಯಿ ಹಸು ಇಟ್ಟುಕೊಂಡು ಕರು ಹಾಕಿಸುವವರಾದರೆ ಪ್ರಶ್ನೆಯೇ ಬೇರೆ. ನಿಮ್ಮ ಕಡೆಯ ಸೆಕೆ, ಉಣ್ಣಿ, ನೊಣ, ಒರಟು ಹುಲ್ಲಿನಲ್ಲಿ ಪ್ರತಿವರ್ಷ ತಪ್ಪದೆ ಈಯುವ ಹಸುವಿನಿಂದ ಬರುವ ಒಂದು ಹೆಚ್ಚಿನ ಕರು, ಹತ್ತಾರು ಕರುಗಳ ಮೇಲೆ ಕಳೆದುಕೊಂಡ 50 ಡಾಲರನ್ನು ತುಂಬಿಕೊಡುತ್ತದೆ. ಹರಾಜಿನಲ್ಲಿ ಕರುವಿಗೆ ಬೆಲೆ ಕಟ್ಟುತ್ತಾರೆ, ತಾಯಿಗಲ್ಲ. ಮಿಶ್ರತಳಿಯ ನಿಜವಾದ ಲಾಭ ಇರುವುದು ತಾಯಿಯಲ್ಲಿ.

ಪ್ರಶ್ನೆ: ಕಣ್ಣಳತೆಯಲ್ಲೇ ಕರು ಆರಿಸಬೇಕಾದರೆ ಮೊದಲು ಏನು ನೋಡಬೇಕು?

ಉತ್ತರ: ಹಿಂದಿನಿಂದ ನೋಡಿ. ಕರು ದೂರ ನಡೆದು ಹೋಗುವಾಗ ಅದರ ಅತಿ ಅಗಲದ ಜಾಗ ಎಲ್ಲಿದೆ ಅಂತ ಗಮನಿಸಿ. ಸ್ನಾಯು ಚೆನ್ನಾಗಿರುವ ಕರುವಿಗೆ ತೊಡೆಯ ನಡುಭಾಗ, ಅಂದರೆ ಹಿಂಗಾಲಿನ ಮಂಡಿಯ ಮಟ್ಟ, ಬೆನ್ನಿಗಿಂತ ಅಗಲವಾಗಿರುತ್ತದೆ. ಹಿಂಗಾಲುಗಳ ನಡುವೆ ಧಾರಾಳ ಜಾಗ ಇರುತ್ತದೆ. ಬೆನ್ನು ದುಂಡಗೆ ಇಳಿದಿರುತ್ತದೆ. ಬರೀ ಕೊಬ್ಬಿದ ಕರುವಾದರೆ ಅಗಲವೆಲ್ಲ ಮೇಲ್ಗಡೆಯೇ. ಬೆನ್ನು ಮಣೆಯಂತೆ ಚಪ್ಪಟೆ, ಬಾಲದ ಬುಡದಲ್ಲಿ ಗಂಟುಗಂಟು ಕೊಬ್ಬು, ಕೆಳಕ್ಕೆ ಬಂದಂತೆ ತೊಡೆ ಸಣ್ಣ. ಇನ್ನೂ ಅನುಮಾನವಿದ್ದರೆ ಮುಂಗಾಲಿನ ಮೇಲ್ಭಾಗ ನೋಡಿ. ಅಲ್ಲಿ ಕೊಬ್ಬು ಕೂರುವುದು ಕಡಿಮೆ, ದಪ್ಪವಿದ್ದರೆ ಅದು ಸ್ನಾಯುವೇ.

ಆಮೇಲೆ ಚೌಕಟ್ಟು, ಅಂದರೆ ಮೂಳೆಕಟ್ಟಿನ ಗಾತ್ರ. ಅಮೆರಿಕದ ಕೃಷಿ ಇಲಾಖೆ ಇಂಥ ಕರುಗಳನ್ನು ದೊಡ್ಡದು, ಮಧ್ಯಮ, ಚಿಕ್ಕದು ಎಂದು ವಿಂಗಡಿಸುತ್ತದೆ. ಸ್ನಾಯುವಿನ ದಪ್ಪಕ್ಕೆ 1ರಿಂದ 4ರವರೆಗೆ ಬೇರೆ ಅಂಕ, 1 ಎಲ್ಲಕ್ಕಿಂತ ಮೇಲು. ಬೀಜ ಒಡೆಸಿದ ಗಂಡುಕರು ಬೆನ್ನ ಮೇಲೆ ಅರ್ಧ ಇಂಚು ಕೊಬ್ಬು ಕಟ್ಟುವಾಗ 1,250 ಪೌಂಡ್ ದಾಟಿರುವಂಥದ್ದು ದೊಡ್ಡ ಚೌಕಟ್ಟು, 1,100ರಿಂದ 1,250 ಮಧ್ಯಮ. ಚಿಕ್ಕ ಚೌಕಟ್ಟಿನ ಕರು ತೂಕ ಬರುವ ಮೊದಲೇ ಕೊಬ್ಬಿ ಕೂರುತ್ತದೆ. ಅದಕ್ಕೇ ಅದರ ಬೆಲೆ ಕಮ್ಮಿ.

ಹೊಟ್ಟೆ ಉಬ್ಬರಿಸಿದ್ದರೆ ನೀರು, ಮೇವು ತುಂಬಿಸಿ ತಂದಿರಬಹುದು. ಮನೆಗೆ ಬರುವಷ್ಟರಲ್ಲಿ ಆ ತೂಕ ಇಳಿದುಹೋಗುತ್ತದೆ. ಕಿವಿ ಜೋತು ಬಿದ್ದು, ಮೂಗು ಸೋರುವ ಒಂದು ಕರು ಗುಂಪಿನಲ್ಲಿದ್ದರೂ ಇಡೀ ಗುಂಪನ್ನು ಬಿಟ್ಟುಬಿಡಿ. ಮಾರುವವರನ್ನು ಮೂರು ಮಾತು ಕೇಳಿ: ತಾಯಿ ಬಿಡಿಸಿ 45 ದಿನ ಆಗಿದೆಯೇ, ಲಸಿಕೆ ಎರಡು ಸುತ್ತು ಆಗಿದೆಯೇ, ಗೋದಲಿಯಲ್ಲಿ ತಿನ್ನುವ ಅಭ್ಯಾಸ ಆಗಿದೆಯೇ. ತಾಯಿ ಬಿಡಿಸಿದ ದಿನವೇ ಲಾರಿ ಹತ್ತಿದ ಕರುಗಳಿಗೇ ನ್ಯುಮೋನಿಯಾ ಹಿಡಿಯುವುದು ಹೆಚ್ಚು. ಈ ಮೂರನ್ನೂ ವರ್ಷ ವರ್ಷ ತಪ್ಪದೆ ಮಾಡುವ ಜಮೀನಿನ ಕರುಗಳಿಗೆ ಕೊಳ್ಳುವವರು ಕಾದು ನಿಂತಿರುತ್ತಾರೆ.

ಪ್ರಶ್ನೆ: ‘ಟೈಗರ್ ಸ್ಟ್ರೈಪ್’ ಎಫ್-1 ಮಣಕಗಳಿಗೆ ತುಂಬ ಬೆಲೆ ಹೇಳುತ್ತಿದ್ದಾರೆ. ಕೊಡಬಹುದೇ? ನಿಜವಾದ ಎಫ್-1 ಅಂತ ಗೊತ್ತಾಗುವುದು ಹೇಗೆ?

ಉತ್ತರ: ಕೊಡಬಹುದು, ನಿಜವಾದ ಎಫ್-1 ಆಗಿದ್ದರೆ ಮಾತ್ರ. ಶುದ್ಧ ಬ್ರಾಹ್ಮನ್ ಮತ್ತು ಶುದ್ಧ ಹಿಯರ್‌ಫರ್ಡ್ ಸೇರಿದ ಮೊದಲ ತಲೆಮಾರು ಇದು. ಮೈಮೇಲೆ ಹುಲಿಪಟ್ಟೆ ಬರುವುದರಿಂದ ಆ ಹೆಸರು. ಈ ಎರಡು ರಕ್ತಗಳು ತೀರ ದೂರದವಾದ್ದರಿಂದ ಹೈಬ್ರಿಡ್ ಕಸುವು, ಅಂದರೆ ಬೇರೆ ಬೇರೆ ತಳಿ ಸೇರಿದಾಗ ಕರುವಿಗೆ ಬರುವ ಹೆಚ್ಚಿನ ಬಲ, ಇಲ್ಲಿ ಎದ್ದು ಕಾಣುತ್ತದೆ. ಗಬ್ಬ ನಿಲ್ಲುವುದು, ಕರು ಬದುಕುವುದು, ಹಸುವಿನ ಆಯುಸ್ಸು, ಹೀಗೆ ಆರಿಸಿ ಬೆಳೆಸಲು ಕಷ್ಟವಾದ ಗುಣಗಳಲ್ಲೇ ಆ ಕಸುವು ಹೆಚ್ಚು. ಮಾಂಸದ ಗುಣದಲ್ಲಿ ಅದರ ಪಾಲು ಅತ್ಯಲ್ಪ.

ಪಟ್ಟೆಯೊಂದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಎಫ್-1 ಅಲ್ಲದ ದನಕ್ಕೂ ಪಟ್ಟೆ ಬರುತ್ತದೆ, ನಿಜವಾದ ಕೆಲವಕ್ಕೆ ಮಸುಕಾಗಿರುತ್ತದೆ. ಅಪ್ಪ–ಅಮ್ಮನ ನೋಂದಣಿ ಕಾಗದ ಕೇಳಿ. ಬ್ರಾಹ್ಮನ್ ತಳಿಗಾರರ ಸಂಘ ಎಫ್-1 ಹೆಣ್ಣುಗಳಿಗೆ ಪ್ರಮಾಣಪತ್ರ ಕೊಡುತ್ತದೆ, ಅದಿದ್ದರೆ ಒಳ್ಳೆಯದು.

ಹತ್ತಿರ ಹೋಗಿ ಕಣ್ಣು ನೋಡಿ. ಬಿಳಿ ಮುಖವಿದ್ದರೂ ರೆಪ್ಪೆಯ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು ಉಂಗುರವಿರಬೇಕು. ರೆಪ್ಪೆ ಬಿಳಿಯಾಗಿರುವ ಹಿಯರ್‌ಫರ್ಡ್‌ಗೆ ಬಿಸಿಲಲ್ಲಿ ಕಣ್ಣಿನ ಕ್ಯಾನ್ಸರ್ ಬರುವುದುಂಟು, ಕಪ್ಪಿದ್ದರೆ ಆ ಅಪಾಯ ಕಡಿಮೆ. ಸಾಧ್ಯವಾದರೆ ತಾಯಿಯ ಕೆಚ್ಚಲು ನೋಡಿ. ತೊಟ್ಟು ಸೋರೆಬುರುಡೆಯಂತೆ ಊದಿಕೊಂಡಿದ್ದರೆ ಆಗ ತಾನೆ ಹುಟ್ಟಿದ ಕರುವಿನ ಬಾಯಿಗೆ ಅದು ಸಿಗುವುದಿಲ್ಲ, ಗಿಣ್ಣದ ಹಾಲು ತಪ್ಪಿಹೋಗುತ್ತದೆ. ಮಗಳಿಗೂ ಅದೇ ಕೆಚ್ಚಲು ಬರುವ ಸಂಭವ ಹೆಚ್ಚು.

ಸ್ವಭಾವವನ್ನು ಮರೆಯಬೇಡಿ. ದೊಡ್ಡಿಯೊಳಗೆ ನಿಧಾನವಾಗಿ ನಡೆಯಿರಿ. ತಲೆ ಎತ್ತಿ, ಕಿವಿ ನಿಮಿರಿಸಿ, ಗುಂಪು ಬಿಟ್ಟು ಬೇಲಿಗುಂಟ ಓಡಾಡುವ ಮಣಕ ಬೇಡ. ಬೆದರುವ ದನ ಮೈ ಹತ್ತುವುದಿಲ್ಲ, ಸಾಕುವವರ ಮೂಳೆ ಮುರಿಯುವುದೂ ಅದೇ.

ವಯಸ್ಸಿನ ವಿಷಯದಲ್ಲಿ ತಾಳ್ಮೆ ಬೇಕು. ಆಂಗಸ್ ಮಣಕ 12–14 ತಿಂಗಳಿಗೆ ಬೆದೆಗೆ ಬಂದರೆ ಬ್ರಾಹ್ಮನ್ ರಕ್ತದವು ತಡವಾಗಿ ಬರುತ್ತವೆ. ದಿನ ಎಣಿಸದೆ ತೂಕ ನೋಡಿ. ದೊಡ್ಡದಾದ ಮೇಲೆ 1,200 ಪೌಂಡ್ ಆಗುವ ಹಸುವಾದರೆ 780 ಪೌಂಡ್, ಅಂದರೆ ಶೇ. 65 ಮುಟ್ಟಿದ ಮೇಲೆ ಹೋರಿಗೆ ಬಿಡಿ. ಮೊದಲ ಸೂಲಿಗೆ ಬ್ರಾಹ್ಮನ್ ಹೋರಿ ಬೇಡ. ಆ ಹೋರಿ ಬೇರೆ ತಳಿಯ ಹಸುವಿಗೆ ಸೇರಿದಾಗ ಕರು, ಅದರಲ್ಲೂ ಗಂಡುಕರು, ತುಂಬ ಭಾರವಾಗಿ ಹುಟ್ಟುತ್ತದೆ. ಗಬ್ಬದ ಕಾಲವೂ ಉದ್ದ: ಆಂಗಸ್‌ಗೆ 283 ದಿನವಾದರೆ ಬ್ರಾಹ್ಮನ್‌ಗೆ ಸುಮಾರು 292.

ಪ್ರಶ್ನೆ: ಇವುಗಳಿಗೆ ಹುಟ್ಟಿದ ಚೆಂದದ ಹೋರಿಕರುವನ್ನೇ ಬೀಜಕ್ಕೆ ಉಳಿಸಿಕೊಂಡರೆ?

ಉತ್ತರ: ಬೇಡ. ಎಫ್-1ಗೆ ಎಫ್-1 ಸೇರಿದರೆ ಕಸುವು ಅರ್ಧಕ್ಕೆ ಇಳಿಯುತ್ತದೆ, ಕರುಗಳೂ ಒಂದೊಂದು ಒಂದೊಂದು ಥರ. ಒಂದು ಅಜ್ಜನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ. ಒಂದೇ ಥರದ ಗುಂಪಿಲ್ಲದೆ ಹರಾಜಿನಲ್ಲಿ ಬೆಲೆ ಸಿಗದು. ಎಫ್-1 ಹಸುಗಳಿಗೆ ಮೂರನೆಯ ತಳಿಯ ಹೋರಿ ಬಿಟ್ಟರೆ ತಾಯಿಯಲ್ಲೂ ಕರುವಿನಲ್ಲೂ ಪೂರ್ತಿ ಕಸುವು. ಆಂಗಸ್ ಹೋರಿ ಬಿಟ್ಟರೂ ಸರಿ: ಕರುವಿನ ಬ್ರಾಹ್ಮನ್ ಪಾಲು ಕಾಲು ಭಾಗಕ್ಕೆ ಇಳಿದು, ಬಣ್ಣ ಕಪ್ಪಾಗಿ, ಹರಾಜಿನ ತಕರಾರು ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ಬ್ರ್ಯಾಂಗಸ್ ಹೋರಿ ಕೊಳ್ಳುವಾಗ ಎಲ್ಲಿ ಮೋಸ ಹೋಗುತ್ತೇವೆ?

ಉತ್ತರ: ಹೊಕ್ಕುಳಿನ ಕೆಳಗೆ. ಬ್ರ್ಯಾಂಗಸ್ ಎಂದರೆ 5/8 ಆಂಗಸ್, 3/8 ಬ್ರಾಹ್ಮನ್. ಸ್ಥಿರಗೊಳಿಸಿದ ತಳಿಯಾದರೂ ಎಫ್-1ರ ಕಸುವಿನಲ್ಲಿ ಸುಮಾರು ಶೇ. 47ರಷ್ಟು ಅದರಲ್ಲಿ ಉಳಿಯುತ್ತದೆ. ಆದರೆ ಬ್ರಾಹ್ಮನ್ ಕಡೆಯ ಸಡಿಲ ಚರ್ಮವೂ ಜೊತೆಗೇ ಬರುತ್ತದೆ. ಹೋರಿಯ ಪಕ್ಕದಲ್ಲಿ ನಿಂತು ಮುಂಗಾಲಿನ ಮಂಡಿಯಿಂದ ಹಿಂಗಾಲಿನ ಗಂಟಿಗೆ ಒಂದು ಗೆರೆ ಊಹಿಸಿ. ಶಿಶ್ನದ ಚೀಲ ಆ ಗೆರೆಗಿಂತ ಕೆಳಗೆ ಜೋತಿದ್ದರೆ, ಅಥವಾ ಒಳಚರ್ಮ ಕೆಂಪಗೆ ಹೊರಗೆ ಇಣುಕುತ್ತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಟೆಕ್ಸಾಸ್‌ನ ಮುಳ್ಳುಪೊದೆಗಳಲ್ಲಿ ಅದು ಗೀರಿ, ಊದಿ, ಕೀವಾಗಿ, ಹಸು ಹಾರಿಸುವ ಕಾಲದಲ್ಲೇ ಹೋರಿ ನಿಷ್ಪ್ರಯೋಜಕವಾಗುತ್ತದೆ.

ಪಶುವೈದ್ಯರಿಂದ ಸಂತಾನಶಕ್ತಿ ತಪಾಸಣೆ ಮಾಡಿಸದೆ ದುಡ್ಡು ಕೊಡಬೇಡಿ. ವೃಷಣದ ಸುತ್ತಳತೆ 15 ತಿಂಗಳೊಳಗಿನ ಹೋರಿಗೆ ಕನಿಷ್ಠ 30 ಸೆಂ.ಮೀ., ಎರಡು ವರ್ಷ ದಾಟಿದ್ದಕ್ಕೆ 34. ವೀರ್ಯಾಣುಗಳಲ್ಲಿ ಶೇ. 30 ಮುಂದಕ್ಕೆ ಚಲಿಸಬೇಕು, ಶೇ. 70 ಸರಿಯಾದ ಆಕಾರದಲ್ಲಿರಬೇಕು. ಈ ಫಲಿತಾಂಶ ಆ ದಿನದ ಮಟ್ಟಿಗೆ ಮಾತ್ರ. ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು, ನಡುವೆ ಜ್ವರ ಬಂದರೆ ಅದರ ಪೆಟ್ಟು ಆಮೇಲೆ ಕಾಣುತ್ತದೆ. ಹಾಗಾಗಿ ಹೋರಿ ಬಿಡುವ ಒಂದೆರಡು ತಿಂಗಳ ಮುಂಚೆ ಪ್ರತಿವರ್ಷವೂ ಮಾಡಿಸಿ. ಗೊರಸು ಕತ್ತರಿಯಂತೆ ಒಂದರ ಮೇಲೊಂದು ತಿರುಚಿದ್ದರೂ ಬೇಡ. ಎಳೆ ಹೋರಿಗೆ 10–15 ಹಸು, ಬಲಿತದ್ದಕ್ಕೆ 25 ಸಾಕು.

ಪ್ರಶ್ನೆ: ಅಮೆರಿಕದ ಬ್ರಾಹ್ಮನ್ ದನದಲ್ಲಿ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವಿದೆ ಎನ್ನುತ್ತಾರೆ. ನಿಜವೇ? (ಅಥಣಿಯ ಓದುಗರು)

ಉತ್ತರ: ನಿಜ. 1854ರಿಂದ 1926ರ ನಡುವೆ ಅಮೆರಿಕಕ್ಕೆ ಹೋದ ಭಾರತದ ದನಗಳಿಂದ ಬ್ರಾಹ್ಮನ್ ತಳಿ ಬೆಳೆಯಿತು. ಕಾಂಕ್ರೇಜ್, ಗಿರ್, ಓಂಗೋಲ್ ಜೊತೆ ಕೃಷ್ಣಾ ಕಣಿವೆಯೂ ಅದರಲ್ಲಿ ಸೇರಿದೆ. ಕಾಂಕ್ರೇಜನ್ನು ಅಲ್ಲಿ ಗುಜೆರಾಟ್ ಅಂತಲೂ ಓಂಗೋಲನ್ನು ನೆಲ್ಲೂರು ಅಂತಲೂ ಕರೆಯುತ್ತಾರೆ. ತಳಿಗಾರರ ಸಂಘ 1924ರಲ್ಲಿ ಕಟ್ಟಿದ್ದು. ಬ್ರ್ಯಾಂಗಸ್, ಸಾಂಟಾ ಗೆರ್ಟ್ರೂಡಿಸ್, ಬೀಫ್‌ಮಾಸ್ಟರ್ ಎಲ್ಲದರಲ್ಲೂ ಈ ರಕ್ತ ಹರಿಯುತ್ತಿದೆ.

ಕೃಷ್ಣಾ ಕಣಿವೆ ತಳಿಯೂ ಮಿಶ್ರತಳಿಯೇ. ಎರೆಭೂಮಿಯಲ್ಲಿ ಭಾರದ ನೇಗಿಲು ಎಳೆಯಲೆಂದು 19ನೇ ಶತಮಾನದ ಕೊನೆಯಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಹಳ್ಳಿಕಾರ್ ಮಾದರಿಯ ದನ ಸೇರಿಸಿ ಬೆಳೆಸಿದ್ದು. ಸಡಿಲ ಚರ್ಮ, ದೊಡ್ಡ ಗಂಗೆದೊಗಲು, ಗಿಡ್ಡ ಕೂದಲು ಸೆಕೆ ತಡೆಯಲು ಒದಗುತ್ತವೆ. ಟೆಕ್ಸಾಸ್‌ನಲ್ಲಿ ಅದೇ ಗುಣಕ್ಕಾಗಿ ಕೊಂಡು, ಅದೇ ಕಿವಿಗೆ ಬೆಲೆ ಇಳಿಸುವುದು ನೋಡಿದರೆ ಬೇಸರವಾಗುತ್ತದೆ. ನಿಮ್ಮ ಭಾಗದಲ್ಲಿ ಶುದ್ಧ ಹೋರಿ ಉಳಿದಿದ್ದರೆ ಅದನ್ನು ಬೇರೆ ತಳಿಗೆ ಬೆರೆಸದೆ ಅದೇ ತಳಿಯ ಹಸುಗಳಿಗೆ ಬಿಡಿ. ಶುದ್ಧ ತಳಿ ಕೈಬಿಟ್ಟರೆ ಮುಂದೆ ಮಿಶ್ರ ಮಾಡಲು ಏನೂ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಮಾರುವವರು ‘75 ಪರ್ಸೆಂಟ್’ ಅಂತ ಹೆಚ್ಚು ಬೆಲೆ ಕೇಳುತ್ತಾರೆ. ಒಪ್ಪಬಹುದೇ? (ಮಂಡ್ಯದ ಓದುಗರು)

ಉತ್ತರ: ಪಾಲು ಹೆಚ್ಚಿದ ಮಾತ್ರಕ್ಕೆ ಹಸು ಮೇಲಲ್ಲ. ನಮ್ಮ ಹವೆಗೆ ಎಚ್‌ಎಫ್ ರಕ್ತ ಶೇ. 50ರಿಂದ 62.5ರವರೆಗೆ ಹೊಂದುತ್ತದೆ. ಅದಕ್ಕಿಂತ ಏರಿದರೆ ಬೇಸಿಗೆಯಲ್ಲಿ ಏದುಸಿರು, ಮೇವು ಬಿಡುವುದು, ಬೀಜ ಕೊಡಿಸಿದರೂ ಮತ್ತೆ ಮತ್ತೆ ಬೆದೆಗೆ ಬರುವುದು ಹೆಚ್ಚುತ್ತದೆ. ಬಾಯಿಮಾತಿನ ಪರ್ಸೆಂಟ್ ಬಿಟ್ಟು ಕಿವಿಯೋಲೆಯ 12 ಅಂಕಿ ಬರೆದುಕೊಂಡು, ಪಶು ಆಸ್ಪತ್ರೆಯಲ್ಲಿ ಯಾವ ಹೋರಿಯ ಬೀಜ, ಎಷ್ಟನೇ ಸೂಲು ಎಂದು ದಾಖಲೆ ತೆಗೆಸಿ. ಒಂದು ಸಂಜೆ, ಮರುದಿನ ಬೆಳಗ್ಗೆ, ಮತ್ತೆ ಸಂಜೆ, ಹೀಗೆ ಮೂರು ಹೊತ್ತು ಎದುರಿಗೇ ಕರೆಸಿ ನೋಡಿ. ಮೊದಲ ಸಂಜೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬೆಳಗ್ಗೆ ಕರೆಯದೆ ಕೆಚ್ಚಲಲ್ಲಿ ಉಳಿಸಿದ ಹಾಲು ಅದರಲ್ಲಿ ಸೇರಿರಬಹುದು.